ಕೊಟ್ರಪ್ಪನವರ ಬಾಡಿಗೆ ಮನೆಗಳು ಮತ್ತು ದೇಶದ ಆರ್ಥಿಕತೆ

ಕುರ್ಚಿ ಎಳೆಯುವುದು ನನಗೆ ಬರುವುದಿಲ್ಲ. ನಗಬೇಡಿ. ಸ್ವಂತ ಮನೆ ಕಟ್ಟಿಸಿ ಇಷ್ಟು ವರ್ಷವಾದರೂ ಕುರ್ಚಿಯೊಂದನ್ನು ಈ ಗೋಡೆಯಿಂದ ಆ ಗೋಡೆಗೆ ಸರಿಸಬೇಕೆಂದರೆ ಎರಡೂ ಕೈಯಿಂದ ಎತ್ತಿ, ಉಸಿರು ಬಿಗಿಹಿಡಿದು, ನಿದ್ದೆ ಹೋದ ಕೂಸನ್ನು ತೊಟ್ಟಿಲಿಗೆ ಹಾಕಿದಂತೆ ಸದ್ದಿಲ್ಲದೆ ಇಡುತ್ತೇನೆ. ‘ಎಳಿಯವಾ ಅದನ್ನ, ಯಾರೇನಂತಾರ?’ ಎಂದು ಮಗಳು ರೇಗುತ್ತಾಳೆ. ಯಾರೇನಂತಾರೆ? ಓನರು ಅಂತಾರೆ! ಈ ಮನೆಗೆ ನಾನೇ ಓನರು ಎಂಬುದು ತಲೆಗೆ ಗೊತ್ತಾಗಿದೆ, ಕೈಗಳಿಗೆ ಇನ್ನೂ ಯಾರೂ ಹೇಳಿದಂತಿಲ್ಲ.

ಮೊನ್ನೆ ಹೀಗೇ ಕುರ್ಚಿ ಎತ್ತಿಕೊಂಡು ಹೊರಟಿದ್ದೆ. ನಮ್ಮ ಯಜಮಾನರು ಪೇಪರಿನಿಂದ ತಲೆ ಎತ್ತಿ, ‘ಏ, ಕೇಳಿಲ್ಲಿ. ಮನಿ ಬಾಡಿಗಿ ಇಳ್ಯಾಕ ಹತ್ತೈತಂತ. ಇದರಿಂದ ದೇಶದ ಆರ್ಥಿಕತೆ ಏನಾಕತಿ ಅಂತ ದೊಡ್ಡೋರು ಬರದಾರ’ ಅಂದರು. ‘ಏನಾಕತಂತ?’ ಅಂದೆ. ಅವರು ಎರಡು ಕಾಲಂ ಪೂರ್ತಿ ಓದಿ ಮುಗಿಸಿ, ಕನ್ನಡಕ ತೆಗೆದು ಒರೆಸಿ, ‘ಕಾದು ನೋಡಬೇಕಂತ’ ಅಂದರು. ಕಾದು ನೋಡುವುದಕ್ಕೆ ಪಂಡಿತರು ಯಾಕೆ ಬೇಕು, ಹೇಳಿ. ನಾನು ಕಾದೂ ಇದ್ದೇನೆ, ನೋಡಿಯೂ ಇದ್ದೇನೆ. ಬಾಡಿಗೆ ಇಳಿದರೆ ಏನೇನಾಗುತ್ತದೆ ಎಂದು ಯಾರಾದರೂ ನನ್ನನ್ನು ಕೇಳಿದ್ದರೆ ಎರಡು ಕಾಲಂ ಜಾಗವಾದರೂ ಉಳಿಯುತ್ತಿತ್ತು.

ನಾನು ತಾಲೂಕು ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದವಳು. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಎಂದು ಸರ್ಕಾರ ನನ್ನನ್ನು ಚೌಕಾಬಾರದ ಕಾಯಿಯಂತೆ ಈ ಐದೂರುಗಳಲ್ಲೇ ನಡೆಸಿತು. ಕಚೇರಿ ಎಲ್ಲ ಕಡೆಯೂ ಒಂದೇ ಥರ, ಅದೇ ಕಡತ, ಅದೇ ಧೂಳು. ಬೇರೆಬೇರೆಯಾಗಿದ್ದವರು ಓನರುಗಳು ಮಾತ್ರ. ಕೂಡ್ಲಿಗಿಯ ಓನರಮ್ಮ ನಳದ ಹತ್ತಿರ ಕಲ್ಲಿನ ಮೇಲೆ ಕುಳಿತು ನಾವು ತುಂಬುವ ಕೊಡಗಳನ್ನು ಎಣಿಸುತ್ತಿದ್ದಳು. ಹಡಗಲಿಯಲ್ಲಿ ನಮ್ಮ ಕಿಟಕಿಗೇ ಹಬ್ಬಿದ್ದ ಮಲ್ಲಿಗೆ ಬಳ್ಳಿಯಿತ್ತು. ವಾಸನೆ ನಮಗೆ, ಹೂವು ಓನರಿಗೆ ಎಂದು ಮೊದಲೇ ಮಾತಾಗಿತ್ತು. ಕೊಟ್ಟೂರಿನ ಯಜಮಾನರು ಬಂಗಾರದಂಥ ಮನುಷ್ಯ, ಸಂಜೆ ಮಿರ್ಚಿ ಮಂಡಕ್ಕಿ ತರಿಸಿದರೆ ನಮಗೂ ಒಂದು ಪೊಟ್ಟಣ ಬರುತ್ತಿತ್ತು. ಆದರೆ ರಾತ್ರಿ ಒಂಬತ್ತಕ್ಕೆ ನಮ್ಮ ಲೈಟು ಆರದಿದ್ದರೆ ಮೇನ್ ಸ್ವಿಚ್ಚನ್ನೇ ಆರಿಸಿ ‘ಶಿವಾ’ ಎಂದು ಮಲಗಿಬಿಡುತ್ತಿದ್ದರು.

ನಾನು ಹುಟ್ಟಿ ಬೆಳೆದ ಉಜ್ಜಿನಿಯಲ್ಲಿ ಬಾಡಿಗೆ ಎಂಬ ಮಾತೇ ಇರಲಿಲ್ಲ. ಗಾಡಿಗೆ ಬಾಡಿಗೆ ಇತ್ತು, ಮನೆಗೆ ಎಲ್ಲಿಯ ಬಾಡಿಗೆ? ಹೊರಗಿನಿಂದ ಬಂದ ಮಾಸ್ತರರಿಗೆ ನಮ್ಮಜ್ಜಿ ಪಡಸಾಲೆಯ ಪಕ್ಕದ ಕೋಣೆ ಬಿಟ್ಟುಕೊಟ್ಟಿದ್ದಳು. ಅವರು ತಿಂಗಳಾಗುತ್ತಲೇ ಸಂಕೋಚದಿಂದ ಏನೋ ಕೊಡಲು ಬಂದರೆ, ‘ಮಜ್ಜಿಗಿ ಮಾರಬಾರದು, ಮನಿ ಬಾಡಿಗಿಗೆ ಕೊಡಬಾರದು ತಮ್ಮಾ. ಸಂಜಿಗೆ ಒಂದು ದೀಪ ಹಚ್ಚು, ಅಷ್ಟಾ ಸಾಕು’ ಅಂದಿದ್ದಳಂತೆ. ಪುಣ್ಯಾತಗಿತ್ತಿ, ಹಗರಿಬೊಮ್ಮನಹಳ್ಳಿಯನ್ನು ನೋಡದೆಯೇ ಶಿವನ ಪಾದ ಸೇರಿದಳು.

ಹಗರಿಬೊಮ್ಮನಹಳ್ಳಿಗೆ ನಮಗೆ ವರ್ಗವಾದದ್ದು ತೊಂಬತ್ತರ ದಶಕದಲ್ಲಿ. ಆಗ ಆ ಊರಿನಲ್ಲಿ ಕಾಲುವೆ ಕೆಲಸದ ದೊಡ್ಡದೊಂದು ಕಚೇರಿ ಇತ್ತು. ಎಂಜಿನಿಯರುಗಳು, ಗುಮಾಸ್ತರು, ಡ್ರೈವರುಗಳು, ಅವರ ಹೆಂಡಿರು ಮಕ್ಕಳು. ಇಷ್ಟು ಮಂದಿಗೆ ಮನೆ ಬೇಕಲ್ಲ! ಊರಿಗೆ ಊರೇ ಓನರಾಗಿಬಿಟ್ಟಿತು. ದನದ ಕೊಟ್ಟಿಗೆಗೆ ಸುಣ್ಣ ಬಳಿದು ಬಾಗಿಲಿಟ್ಟರೆ ಅದು ಒಂದು ಪೋರ್ಷನ್ನು. ಆಡಿನ ಗೂಡಿಗೆ ತಗಡು ಹೊದಿಸಿದರೆ ಅದು ಅಡುಗೆಮನೆ. ನಮ್ಮ ಓಣಿಯಲ್ಲಿ ಒಬ್ಬರು ಎಮ್ಮೆ ಮಾರಿ, ಎಮ್ಮೆ ಕಟ್ಟುತ್ತಿದ್ದ ಜಾಗದಲ್ಲಿ ಒಬ್ಬ ಓವರ್‌ಸಿಯರನ್ನು ಇಟ್ಟುಕೊಂಡಿದ್ದರು. ಎಮ್ಮೆಗಿಂತ ಇದೇ ವಾಸಿ, ಹುಲ್ಲು ಹಾಕುವ ಕೆಲಸವಿಲ್ಲ ಎನ್ನುತ್ತಿದ್ದರು.

ನಮ್ಮ ಓನರು ಕೊಟ್ರಪ್ಪನವರು. ಹಣೆತುಂಬ ವಿಭೂತಿ, ಇಸ್ತ್ರಿ ಮಾಡಿದ ಧೋತರ. ಮೊದಲು ಶೇಂಗಾ ವ್ಯಾಪಾರ ಮಾಡುತ್ತಿದ್ದವರು, ‘ಶೇಂಗಾದಾಗ ಏನೈತ್ರಿ, ಕುಂತಲ್ಲೇ ಬರೋದಂದ್ರ ಬಾಡಿಗಿ’ ಎಂದು ಅದನ್ನು ಬಿಟ್ಟು ದೊಡ್ಡಮನೆಯ ಹಿತ್ತಿಲಿನಲ್ಲಿ ಸಾಲಾಗಿ ಐದು ಮನೆ ಎಬ್ಬಿಸಿದ್ದರು. ಆಮೇಲೆ ಅವರು ಯಾವ ಕೆಲಸವನ್ನೂ ಮಾಡಿದ್ದನ್ನು ಯಾರೂ ಕಂಡಿಲ್ಲ. ಮಾಡುತ್ತಿದ್ದುದು ಒಂದೇ, ಪರೀಕ್ಷೆ. ನಾವು ಮನೆ ಕೇಳಲು ಹೋದಾಗ ಕಟ್ಟೆಯ ಮೇಲೆ ಕೂರಿಸಿ ಶುರು ಹಚ್ಚಿಕೊಂಡರು.

‘ಯಾವೂರಾತ್ರಿ? ಯಾರ ಪೈಕಿ? ಊರಿಂದ ಮಂದಿ ಬರೋದು ಹೋಗೋದು ಭಾಳೇನ್ರಿ? ಬಂದೋರು ಹೋಗ್ತಾರೋ, ಇರ್ತಾರೋ? ಗ್ವಾಡಿಗೆ ಮೊಳಿ ಹೊಡ್ಯಂಗಿಲ್ಲ. ಖಾರ ಕುಟ್ಟಂಗಿಲ್ಲ. ಕುರ್ಚಿ ಎಳಿಯಂಗಿಲ್ಲ, ಗಾರಿ ನೆಲ ಹಾಳಾಕತಿ.’

ನಮ್ಮ ಯಜಮಾನರು ಹೊರಗೆ ಬಂದು ಬೆವರು ಒರೆಸಿಕೊಳ್ಳುತ್ತಾ, ‘ನಿನ್ನ ನೋಡಾಕ ಬಂದಾಗ ನಿಮ್ಮಪ್ಪನೂ ಇಷ್ಟು ಕೇಳಿದ್ದಿಲ್ಲ ಬಿಡು’ ಅಂದರು. ಅಂತೂ ಪಾಸಾದೆವು. ನಮ್ಮ ಹಿಂದೆಯೇ ತೆಲಿಗಿಯ ಕಂಡಕ್ಟರ್ ಹನುಮಂತಪ್ಪ ಮನೆ ಕೇಳಲು ಬಂದಿದ್ದ. ಯಾರ ಪೈಕಿ ಎಂಬ ಪ್ರಶ್ನೆಗೆ ಅವನು ಮುಚ್ಚುಮರೆಯಿಲ್ಲದೆ ಉತ್ತರ ಹೇಳಿದ. ಆ ಕೂಡಲೇ ಐದೂ ಮನೆಗಳು ತುಂಬಿಹೋದವು. ‘ಮನಿ ಬಾಡಿಗೆಗೆ ಇದೆ’ ಎಂಬ ಬೋರ್ಡು ಕೊಟ್ರಪ್ಪನವರ ಬೆನ್ನ ಹಿಂದೆಯೇ ತೂಗುತ್ತಿತ್ತು. ಹನುಮಂತಪ್ಪ ಅದನ್ನೊಮ್ಮೆ ಓದಿ, ‘ಆಗ್ಲಿ ಬಿಡ್ರಿ’ ಎಂದು ಹೋದ.

ನಮ್ಮ ಬದುಕು ಹೀಗೆ ಸದ್ದಿಲ್ಲದೆ ಸಾಗುತ್ತಿದ್ದಾಗ, ಸರ್ಕಾರಕ್ಕೆ ಏನನ್ನಿಸಿತೋ ಏನೋ, ಕಾಲುವೆ ಕಚೇರಿಯನ್ನು ಬೇರೆ ಊರಿಗೆ ಎತ್ತಿಬಿಟ್ಟಿತು. ಲಾರಿಗಳು ಬಂದವು, ಕಪಾಟು, ಮಂಚ, ತುಳಸಿಕಟ್ಟೆಗಳನ್ನು ಹೇರಿಕೊಂಡು ಹೋದವು. ತಿಂಗಳೊಪ್ಪತ್ತಿನಲ್ಲಿ ಊರು ಭಣಭಣ. ಎಲ್ಲಿ ನೋಡಿದರೂ ಅದೇ ಬೋರ್ಡು. ಮೊದಮೊದಲು ಬಾಡಿಗೆ ಇಳಿಸಲು ಯಾರೂ ಒಪ್ಪಲಿಲ್ಲ. ‘ಖಾಲಿ ಇರ್ಲಿ ಬೇಕಾರ, ರೇಟು ಕೆಡಿಸಬಾರದು’ ಎಂದು ಓನರುಗಳೆಲ್ಲ ಗುಡಿಯ ಕಟ್ಟೆಯ ಮೇಲೆ ಆಣೆ ಮಾಡಿಕೊಂಡರು. ಆಣೆ ಮಾಡಿ ಎದ್ದವರೇ, ಚಪ್ಪಲಿ ಮೆಟ್ಟುವ ಮೊದಲೇ ಒಬ್ಬರ ಬಾಡಿಗೆದಾರರನ್ನು ಒಬ್ಬರು ಕಡಿಮೆ ಬಾಡಿಗೆಗೆ ಕರೆಯತೊಡಗಿದರು. ಆಮೇಲೆ ಕೇಳಬೇಕೇ, ಬಾವಿಗೆ ಬಿದ್ದ ಕೊಡದಂತೆ ಬಾಡಿಗೆ ಇಳಿದದ್ದೇ ಇಳಿದದ್ದು.

ಈಗ ಪಂಡಿತರ ವಿಷಯಕ್ಕೆ ಬರೋಣ. ಬಾಡಿಗೆ ಇಳಿದರೆ ಮೊಟ್ಟಮೊದಲು ಇಳಿಯುವುದು ಓನರಿನ ದನಿ. ‘ಯಾರದು ಇಷ್ಟೊತ್ತಿನಾಗ ಲೈಟು?’ ಎನ್ನುತ್ತಿದ್ದ ಕೊಟ್ರಪ್ಪನವರು ನಮ್ಮ ಬಾಗಿಲಲ್ಲಿ ನಿಂತು, ‘ಮೇಡಮ್ಮಾರ, ಬೆಳಕು ಸಾಲತೈತೇನ್ರಿ? ದೊಡ್ಡ ಬಲ್ಬು ಹಾಕ್ಸಲೇನು?’ ಎನ್ನತೊಡಗಿದರು. ನಮ್ಮ ಮಗಳ ಕೆನ್ನೆ ಹಿಂಡಿ ಪೆಪ್ಪರಮೆಂಟು ಕೊಟ್ಟರು. ಮಗಳು ಹೆದರಿ ಅತ್ತಳು. ಕೊನೆಗೊಂದು ದಿನ ತಾವೇ ಬಸ್ ಸ್ಟ್ಯಾಂಡಿಗೆ ಹೋಗಿ ಹನುಮಂತಪ್ಪನನ್ನು ಹುಡುಕಿ ಕರೆತಂದರು. ಅವನು ಬುದ್ಧನ ಫೋಟೋ ಎಲ್ಲಿ ಹಾಕಲಿ ಎಂದು ಗೋಡೆ ನೋಡುತ್ತಿದ್ದರೆ, ಸ್ಟೂಲು ಹಿಡಿದು ನಿಂತವರು ಯಾರೆಂದುಕೊಂಡಿರಿ? ‘ಮೊಳಿ ಇನ್ನೊಂಚೂರು ಮ್ಯಾಲ ಹೊಡೀಪಾ ತಮ್ಮಾ’ ಎಂದು ನಮ್ಮ ಕೊಟ್ರಪ್ಪನವರೇ! ಎಲ್ಲರೂ ಸಮಾನರು ಎಂದು ಕಾನೂನು ಎಷ್ಟೋ ವರ್ಷಗಳಿಂದ ಹೇಳುತ್ತಲೇ ಇತ್ತು. ಅವರಿಗೆ ಕೇಳಿಸಿದ್ದು ನಾಲ್ಕು ಮನೆ ಖಾಲಿಯಾದ ಮೇಲೆ.

‘ನಿಮಗ ಸಿಟ್ಟು ಬರಲಿಲ್ಲೇನ್ರಿ?’ ಎಂದು ಹನುಮಂತಪ್ಪನನ್ನು ಕೇಳಿದೆ. ‘ಬಂತ್ರಿ. ಆದ್ರ ಸಿಟ್ಟಿನಾಗ ಮಕ್ಕಳನ್ನ ಮಲಗಿಸಾಕ ಬರಂಗಿಲ್ಲಲ್ರಿ, ಮನಿಯಾಗ ಮಲಗಿಸಬೇಕು’ ಅಂದ.

ಇನ್ನು ವ್ಯಾಪಾರ. ಬಾಡಿಗೆ ನಂಬಿ ಕುಳಿತವರೆಲ್ಲ ಏನಾದರೂ ಮಾಡಲೇಬೇಕಾಯಿತು. ಒಬ್ಬರು ಮುಂದಿನ ಕೋಣೆಯಲ್ಲಿ ಎಸ್‌ಟಿಡಿ ಬೂತ್ ಹಾಕಿದರು. ಇವರಿಗೆ ಬಂದೀತು ನಮಗೆ ಬರಬಾರದೇ ಎಂದು ಎದುರಿನವರೂ ಹಾಕಿದರು. ನೋಡನೋಡುತ್ತಲೇ ಒಂದೇ ಓಣಿಯಲ್ಲಿ ಸಾಲು ಸಾಲಾಗಿ ಹಳದಿ ಬೋರ್ಡು. ಫೋನು ಮಾಡುವವರೆಲ್ಲ ಲಾರಿ ಹತ್ತಿ ಹೋಗಿದ್ದರಲ್ಲ, ಆದ್ದರಿಂದ ಬೂತಿನವರು ಬೇಜಾರಾದಾಗ ಒಬ್ಬರಿಗೊಬ್ಬರು ಫೋನು ಮಾಡಿ ‘ಹೆಂಗೈತಿ ವ್ಯಾಪಾರ?’ ಎಂದು ಕೇಳಿಕೊಳ್ಳುತ್ತಿದ್ದರು. ದೇಶದ ಆರ್ಥಿಕತೆ ಎಂದರೆ ಇದೇ ಇರಬೇಕು ಎಂದು ನನಗೆ ಈಗಲೂ ಅನುಮಾನ.

ಆದರೆ ಬಾಡಿಗೆ ಇಳಿದದ್ದರ ನಿಜವಾದ ಪೆಟ್ಟು ಬೀಳುವಂತಿದ್ದದ್ದು ಶಾಂತಾಳ ಮೇಲೆ. ಶಾಂತಾ ಕೊಟ್ರಪ್ಪನವರ ಒಬ್ಬಳೇ ಮಗಳು. ಹೊಲಿಗೆ ಕಲಿತಿದ್ದಳು, ಮಾತು ಕಡಿಮೆ, ಕೈಚಳಕ ಹೆಚ್ಚು. ಹರಪನಹಳ್ಳಿಯ ದಲ್ಲಾಳಿಯೊಬ್ಬರ ಮಗನಿಗೆ ಅವಳನ್ನು ಕೊಡುವುದೆಂದು ಬಾಡಿಗೆಯ ಒಳ್ಳೆಯ ದಿನಗಳಲ್ಲೇ ಗೊತ್ತಾಗಿತ್ತು. ವರದಕ್ಷಿಣೆ ಎಂಬ ಕೆಟ್ಟ ಮಾತನ್ನು ಎರಡೂ ಕಡೆಯವರು ಆಡಿರಲಿಲ್ಲ. ಅದರ ಬದಲು ಕೊಟ್ರಪ್ಪನವರು, ‘ಎರಡು ಮನಿ ಬಾಡಿಗಿ ತಿಂಗಳಾ ತಿಂಗಳಾ ಅಳಿಯನ ಕೈಗೆ, ಅವನು ಇರೋತನಕ’ ಎಂದು ಹೇಳಿದ್ದರು. ರೊಕ್ಕ ಒಮ್ಮೆ ಕೊಟ್ಟರೆ ಕರಗುತ್ತದೆ, ಇದು ಕರೆಯುವ ಹಸು ಎಂದು ಊರವರೆಲ್ಲ ಅವರ ತಲೆಯನ್ನು ಹೊಗಳಿದ್ದರು. ಈಗ ಹಸು ಬತ್ತಿತ್ತು. ಬೊಮ್ಮನಹಳ್ಳಿಯ ಬಾಡಿಗೆ ಬಿದ್ದ ಸುದ್ದಿ ಬಸ್ಸು ಹತ್ತಿ ಹರಪನಹಳ್ಳಿಗೂ ಮುಟ್ಟಿ, ಬೀಗರು ‘ಬರೋ ಸೋಮವಾರ ಬಂದು ಮನೆಗಳನ್ನ ಒಮ್ಮೆ ನೋಡ್ಕೊಂಡು ಹೋಗ್ತೀವಿ’ ಎಂದು ಹೇಳಿ ಕಳಿಸಿದರು. ಹುಡುಗಿಯನ್ನಲ್ಲ, ಮನೆಗಳನ್ನ.

ಕೊಟ್ರಪ್ಪನವರ ಹೆಂಡತಿ ಗೌರಮ್ಮ ನಮ್ಮ ಅಡುಗೆಮನೆಗೆ ಬಂದು ಸೆರಗು ಬಾಯಿಗಿಟ್ಟು ಅತ್ತರು. ಈ ಸಂಬಂಧ ಮುರಿದರೆ ಮುರಿದ ಸಂಬಂಧದ ಹುಡುಗಿ ಎಂದು ಇನ್ನೊಬ್ಬರು ಮುಂದೆ ಬರುವುದಿಲ್ಲ ಎಂಬುದು ಅವರ ಚಿಂತೆ. ಅವರ ಹಿಂದೆಯೇ ಕೊಟ್ರಪ್ಪನವರು ಕೈಮುಗಿದುಕೊಂಡು ಬಂದರು.

‘ಮೇಡಮ್ಮಾರ, ಒಂದು ಉಪಕಾರ ಆಗಬೇಕು. ನಿಮ್ಮ ಕುಕ್ಕರು, ಸ್ಟವ್ವು ಸೋಮವಾರ ಒಂದಿನ ಕೊಡ್ರಿ.’

‘ಅಡಿಗಿ ಮಾಡಾಕೇನ್ರಿ?’

‘ಅಲ್ರಿ, ಸಿಳ್ಳಿ ಹೊಡಿಸಾಕ.’

ಉಪಾಯ ಇಷ್ಟು. ಬೀಗರು ಬಂದಾಗ ಕೊನೆಯ ಮೂರು ಖಾಲಿ ಮನೆಗಳು ತುಂಬಿದ ಮನೆಗಳಂತೆ ಕಾಣಬೇಕು, ಕೇಳಬೇಕು. ಮೂರನೆಯ ಮನೆಯಲ್ಲಿ ನಮ್ಮ ಕುಕ್ಕರು ಬರೀ ನೀರಿನ ಮೇಲೆ ಸಿಳ್ಳೆ ಹಾಕುವುದು. ನಾಲ್ಕನೆಯ ಮನೆಯಲ್ಲಿ ರೇಡಿಯೋ. ಐದನೆಯದಕ್ಕೆ ನಮ್ಮ ಯಜಮಾನರೇ ಬನಿಯನ್ನು ತೊಟ್ಟು ಪೇಪರು ಓದುತ್ತಾ ಸಂಸಾರಸ್ಥರಂತೆ ಕುಳಿತುಕೊಳ್ಳುವುದು. ಅವರಿಗೆ ಅದು ಕಷ್ಟವಾಗಲಿಲ್ಲ, ನಮ್ಮನೆಯಲ್ಲೂ ಅದನ್ನೇ ಮಾಡುತ್ತಿದ್ದರು. ಬಾಗಿಲ ಮುಂದೆಲ್ಲ ಚಪ್ಪಲಿ. ಹಗ್ಗದ ಮೇಲೆ ಬಟ್ಟೆ. ಇನ್ನು ಹೊಸ್ತಿಲ ಮುಂದೆ ರಂಗೋಲಿ ಇಲ್ಲದಿದ್ದರೆ ಬಾಳುವ ಮನೆ ಎಂದು ಯಾರು ನಂಬುತ್ತಾರೆ? ಬೆಳಕು ಹರಿಯುವ ಮೊದಲೇ ಎದ್ದು ಐದೂ ಬಾಗಿಲಿಗೆ ರಂಗೋಲಿ ಹಾಕುವ ಕೆಲಸ ಶಾಂತಾಳ ಪಾಲಿಗೆ ಬಂತು.

ಬೀಗರು ಬಂದರು. ದಪ್ಪ ಮೀಸೆಯ ದಲ್ಲಾಳಿ, ಅವರ ಹೆಂಡತಿ, ಹಿಂದೆ ಮದುಮಗ. ಹುಡುಗ ಒಳಗೆ ಹೋದವನು ಟಿವಿಯ ಮುಂದೆ ಕುಳಿತ, ಎದ್ದು ಬರಲಿಲ್ಲ. ಕೊಟ್ರಪ್ಪನವರು ದೊಡ್ಡವರಿಬ್ಬರನ್ನೂ ಹಿತ್ತಿಲಿಗೆ ಕರೆತಂದು, ‘ನೋಡ್ರಿ, ಇಲ್ಲಿ ಹೆಜ್ಜಿ ಇಡಾಕ ಜಾಗಿಲ್ಲ. ಅಷ್ಟು ಮಂದಿ’ ಅಂದರು. ಮೂರನೆಯ ಮನೆಯಲ್ಲಿ ಕುಕ್ಕರು ಕೂಗಿತು. ದಲ್ಲಾಳಿಯವರು ತಲೆಯಾಡಿಸಿದರು. ಆಮೇಲೆ ಹಗ್ಗದ ಮೇಲೆ ಒಂದರ ಪಕ್ಕ ಒಂದು ಒಣಗುತ್ತಿದ್ದ ಖಾಕಿ ಅಂಗಿಗಳನ್ನು ನೋಡಿದರು. ಎಲ್ಲವೂ ಹನುಮಂತಪ್ಪನವು.

‘ಏನ್ರೀ, ನಿಮ್ಮ ಮನೆಗಳಲ್ಲಿ ಇರೋರೆಲ್ಲ ಕಂಡಕ್ಟರೇ ಏನು?’

‘ಡಿಪೋದೋರು ನಮ್ಮನ್ನ ಬಿಟ್ಟು ಬ್ಯಾರೆ ಕಡೆ ಹೋಗಂಗೇ ಇಲ್ರಿ’ ಅಂದರು ಕೊಟ್ರಪ್ಪ.

ಅಷ್ಟರಲ್ಲಿ ಬೀಗಿತಿ ಎರಡನೆಯ ಮನೆಯ ಮುಂದೆ ಬಗ್ಗಿ ನಿಂತಿದ್ದರು. ನಿಧಾನಕ್ಕೆ ಮೂರನೆಯದಕ್ಕೆ ಹೋದರು, ನಾಲ್ಕನೆಯದಕ್ಕೆ ಹೋದರು. ಐದನೆಯದನ್ನೂ ನೋಡಿ ಸೊಂಟದ ಮೇಲೆ ಕೈಯಿಟ್ಟರು.

‘ಅಲ್ರೀ, ಐದು ಮನೇರೂ ಒಂದೇ ರಂಗೋಲಿ ಹಾಕ್ಯಾರಲ್ಲ?’

ಗಂಡಸರು ಕುಕ್ಕರಿನ ಸಿಳ್ಳೆಯವರೆಗೂ ಯೋಚಿಸಿದ್ದರು, ಇದು ಯಾರ ತಲೆಗೂ ಹೊಳೆದಿರಲಿಲ್ಲ. ನಾನು ಹೆಂಗಸಾಗಿಯೂ ನೋಡಿರಲಿಲ್ಲ, ನಾಚಿಕೆಗೇಡು!

‘ನಮ್ಮ ಬಾಡಿಗಿ ಮಂದಿ ಅಷ್ಟು ಹೊಂದ್ಕೊಂಡು ಅದಾರ್ರಿ’ ಎಂದರು ಕೊಟ್ರಪ್ಪ.

‘ಹೊಂದ್ಕೊಂಡ್ರೆ ಕೈಯೂ ಒಂದೇ ಆಗ್ತೈತೇನ್ರಿ? ಎಳೆ ಎಲ್ಲಿ ದಪ್ಪ, ಎಲ್ಲಿ ಸಣ್ಣ ಅಂತ ನಮಗೆ ತಿಳಿಯಲ್ವಾ? ಇವೆಲ್ಲ ಒಬ್ಬಾಕೆ ಹಾಕಿದ್ದು.’

ಚಹದ ತಟ್ಟೆ ಹಿಡಿದು ಬಂದಿದ್ದ ಶಾಂತಾ ಅದನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಇಟ್ಟಳು. ‘ಐದೂ ನಾನಾ ಹಾಕೀನ್ರಿ. ಆ ಮೂರು ಮನಿ ಖಾಲಿ ಅದಾವ. ಕುಕ್ಕರಿನಾಗ ಬರೇ ನೀರೈತಿ.’

ಐದನೆಯ ಮನೆಯಲ್ಲಿ ನಮ್ಮ ಯಜಮಾನರು ಪೇಪರನ್ನು ಮುಖಕ್ಕೆ ಇನ್ನಷ್ಟು ಹತ್ತಿರ ಹಿಡಿದರು. ದಲ್ಲಾಳಿಯವರು ಸಿಟ್ಟಾಗುತ್ತಾರೆ ಎಂದುಕೊಂಡೆ. ಆದರೆ ವ್ಯಾಪಾರಸ್ಥರು ಸುಮ್ಮನೆ ಸಿಟ್ಟಾಗುವುದಿಲ್ಲ. ಅವರು ಗೋಡೆಯನ್ನು ಬೆರಳಿನಿಂದ ಕುಟ್ಟಿ ನೋಡಿ, ‘ಹೋಗಲಿ ಬಿಡ್ರಿ. ಬಾಡಿಗೆ ಇವತ್ತು ಇಳೀತೈತೆ, ನಾಳೆ ಏರ್ತೈತೆ. ಎರಡು ಮನೇನೇ ಹುಡುಗನ ಹೆಸರಿಗೆ ಬರೆದುಬಿಡ್ರಿ, ಮಾತು ಮುಗೀತು’ ಎಂದರು.

ಕೊಟ್ರಪ್ಪನವರು ಮಗಳ ಮುಖ ನೋಡಿದರು, ಮನೆಗಳ ಮುಖ ನೋಡಿದರು. ‘ಬರ್ದು ಕೊಟ್ರಾತು… ಏನ್ಮಾಡೋದು’ ಎಂದು ಗೊಣಗಿದರು.

‘ಅಪ್ಪಾ,’ ಅಂದಳು ಶಾಂತಾ. ‘ಇವರಿಗೆ ಎರಡು ಮನಿ ಸುಮ್ನ ಕೊಡೋ ಬದಲಿ ನನಗ ಒಂದು ಮನಿ ಬಾಡಿಗಿಗೆ ಕೊಡು. ಹೊಲಿಗಿ ಮಿಷಿನ್ ಹಾಕ್ಕೊಂಡು ನನ್ನ ಪಾಡಿಗೆ ನಾ ಇರ್ತೀನಿ. ತಿಂಗಳಾ ತಿಂಗಳಾ ಬಾಡಿಗಿ ಕೊಡ್ತೀನಿ.’

ಸಂಬಂಧ ಮುರಿಯಿತು. ಬೀಗರಾಗಬೇಕಿದ್ದವರು ಹೋಳಿಗೆ ಮಾತ್ರ ಬಿಡಲಿಲ್ಲ, ಉಂಡು, ಎಲೆಯಡಿಕೆ ಹಾಕಿಕೊಂಡೇ ಬಸ್ಸು ಹತ್ತಿದರು. ನನಗಂತೂ ಅವತ್ತು ಆ ಹುಡುಗಿಯನ್ನು ತಬ್ಬಿಕೊಳ್ಳಬೇಕೆನಿಸಿತ್ತು. ಹನುಮಂತಪ್ಪನ ಹೆಂಡತಿ ನನಗಿಂತ ಧೈರ್ಯಸ್ಥೆ, ತಬ್ಬಿಕೊಂಡೇಬಿಟ್ಟಳು. ಬಗೆಬಗೆಯ ರಂಗೋಲಿ ಬರುವವಳು ಐದೂ ಕಡೆ ಒಂದನ್ನೇ ಯಾಕೆ ಹಾಕಿದೆ ಎಂದು ಆಮೇಲೊಮ್ಮೆ ಶಾಂತಾಳನ್ನು ಕೇಳಿದೆ. ‘ನಿದ್ದಿಗಣ್ಣಾಗಿದ್ದೆ ಅಕ್ಕಾ’ ಎಂದು ನಕ್ಕಳು. ನಾನೇನೂ ನಂಬಲಿಲ್ಲ.

ಕೊಟ್ರಪ್ಪನವರು ಮಗಳೊಂದಿಗೆ ಮಾತು ಬಿಟ್ಟರು. ಊರೆಲ್ಲ ಆಡಿಕೊಂಡಿತು. ಆದರೆ ದಿನಗಳು ಹೋದಂತೆ ಅವರೊಳಗಿನ ಅಪ್ಪನಿಗೂ ಓನರಿಗೂ ಜಗಳ ಹತ್ತಿತು. ಖಾಲಿ ಮನೆ ಕೇಳಿಕೊಂಡು ಬೇರೆ ನರಪಿಳ್ಳೆಯೂ ಬಂದಿರಲಿಲ್ಲ. ಶಾಂತಾಳಿಗೋ ಶಾಲೆ ಮಕ್ಕಳ ಯೂನಿಫಾರ್ಮು ಹೊಲಿಯುವ ಕೆಲಸ ಸಿಕ್ಕಿ, ಅಡ್ವಾನ್ಸೂ ಕೈಗೆ ಬಂದಿತ್ತು. ಕೊನೆಗೆ ಓನರೇ ಗೆದ್ದರು. ಒಂದು ಬೆಳಿಗ್ಗೆ ಬಂದು ಐದನೆಯ ಮನೆಯ ಬೀಗದ ಕೈಯನ್ನು ಮಗಳ ಮುಂದೆ ಇಟ್ಟು, ‘ಒಂದನೇ ತಾರೀಖು ತಪ್ಪಂಗಿಲ್ಲ’ ಎಂದು ಹೇಳಿ ಹೋದರು. ಮಾತು ಬಿಟ್ಟ ಮೇಲೆ ಅಪ್ಪ ಮಗಳ ಮೊದಲ ಮಾತು ಅದೇ.

ಶಾಂತಾ ಮಿಷಿನ್ ಸಾಗಿಸಿದ ವಾರದೊಳಗೆ, ಗೌರಮ್ಮ ತಮ್ಮ ಹಾಸಿಗೆ ಸುತ್ತಿಕೊಂಡು, ಟ್ರಂಕು ಹಿಡಿದು ಹಿತ್ತಿಲಿಗೆ ಬಂದರು. ನಾನು ಅಕ್ಕಿ ಆರಿಸುತ್ತಾ ಬಾಗಿಲಲ್ಲೇ ಕುಳಿತಿದ್ದೆ. ಕೊಟ್ರಪ್ಪನವರು ಹಿಂದೆಯೇ ಓಡಿ ಬಂದರು.

‘ಎಲ್ಲಿಗೆ ಹೊಂಟಿಯಲೇ?’

‘ಬಾಡಿಗಿ ಮನಿಗೆ.’

‘ಸ್ವಂತ ಮನಿ ಬಿಟ್ಟು ಬಾಡಿಗಿ ಮನಿಗೆ? ತಲಿ ಕೆಟ್ಟೈತೇನು?’

ಗೌರಮ್ಮ ಟ್ರಂಕು ಕೆಳಗಿಟ್ಟರು. ಅಷ್ಟು ವರ್ಷ ಪಕ್ಕದಲ್ಲಿದ್ದರೂ ಅವರು ಗಂಡನ ಮುಖ ನೋಡಿ ಮಾತಾಡಿದ್ದನ್ನು ನಾನು ಅವತ್ತೇ ಕಂಡದ್ದು. ‘ಯಾರ ಸ್ವಂತದ್ರಿ? ನಿನ್ನೆ ಮೊನ್ನೆ ಬಂದ ಬಾಡಿಗಿಯೋರಿಗೂ ಬಂದ ದಿನಾನ ಒಂದು ಕೀಲಿಕೈ ಕೊಡ್ತೀರಿ. ನಾ ಮದಿವ್ಯಾಗಿ ಬಂದು ಇಷ್ಟು ವರ್ಷಾತು, ಆ ಮನಿ ಕೀಲಿಕೈ ಒಂದಿನಾರ ನನ್ನ ಕೈಯಾಗ ಕೊಟ್ಟೀರೇನ್ರಿ? ಸಂತಿಗೆ ಹೋಗಿ ಬಂದ್ರೂ ನೀವು ಬರೋತನಕ ಕಟ್ಟಿ ಮ್ಯಾಲ ಕುಂತಿರ್ತೀನಿ.’

ಕೊಟ್ರಪ್ಪನವರು ಉಡಿದಾರಕ್ಕೆ ಕಟ್ಟಿದ್ದ ಕೀಲಿಕೈಗಳ ಗೊಂಚಲನ್ನು ಮುಟ್ಟಿಕೊಂಡರು. ನನಗೆ ಅಕ್ಕಿಯಲ್ಲಿ ಕಲ್ಲು ಕಾಣಿಸದಷ್ಟು ಕಣ್ಣು ಮಂಜಾಯಿತು.

ಮೂರು ದಿನ ಅವರು ಸೊಸೈಟಿಯ ಪಕ್ಕದ ಖಾನಾವಳಿಯಲ್ಲಿ ಉಂಡರು. ನಾಲ್ಕನೆಯ ದಿನ ಸಂಜೆ ಐದನೆಯ ಮನೆಯ ಮುಂದೆ ಬಂದು ಕೆಮ್ಮಿದರು. ಒಳಗೆ ಮಿಷಿನ್ನಿನ ಸದ್ದು ನಿಂತಿತು. ದೊಡ್ಡಮನೆಗೆ ಹೊಸದಾಗಿ ಮಾಡಿಸಿದ ಇನ್ನೊಂದು ಬೀಗದ ಕೈಯನ್ನು ಹೊಸ್ತಿಲ ಮೇಲೆ ಇಟ್ಟು, ನೆಲ ನೋಡುತ್ತಾ, ‘ಬಾ ಇನ್ನ’ ಅಂದರು.

ಗೌರಮ್ಮ ಯೂನಿಫಾರ್ಮಿಗೆ ಗುಂಡಿ ಹಚ್ಚುತ್ತಿದ್ದರು. ದಾರವನ್ನು ಹಲ್ಲಿನಿಂದ ಕಡಿದು, ಆ ಬೀಗದ ಕೈಯನ್ನೂ ಗಂಡನನ್ನೂ ಒಮ್ಮೆ ನೋಡಿದರು.

‘ಇರ್ಲಿ, ಇಟ್ಟು ಹೋಗ್ರಿ. ಊರಾಗ ಮನಿ ಭಾಳ ಖಾಲಿ ಅದಾವ, ಇನ್ನೊಂದೆರಡು ನೋಡಿ ಹೇಳ್ತೀನಿ.’